ಮೂರು ಅಂದಾಗ ಕಣ್ಣು ಬಿಡಿ

ರೇವಣಸಿದ್ದಯ್ಯನವರಿಗೆ ಎಪ್ಪತ್ತೈದು ತುಂಬಿದ ದಿನ ಚಾಮರಾಜಪೇಟೆಯ ಆ ಮನೆಯಲ್ಲಿ ಒಂದೇ ಒಂದು ಕೊರತೆಯಿತ್ತು. ಯಜಮಾನರು ಕಣ್ಣು ಬಿಟ್ಟುಕೊಂಡಿರುವ ಫೋಟೋ ಒಂದೂ ಇರಲಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವಾಗ ಕಣ್ಣು ಮುಚ್ಚಿದ್ದರು, ಮಗನ ನಾಮಕರಣದಲ್ಲಿ ಮುಚ್ಚಿದ್ದರು, ರೇಷನ್ ಕಾರ್ಡಿನಲ್ಲಂತೂ ಧ್ಯಾನಕ್ಕೆ ಕುಳಿತಂತಿದ್ದರು. ಫ್ಲ್ಯಾಶ್ ಬೆಳಗುವುದಕ್ಕೂ ಅವರ ರೆಪ್ಪೆ ಬೀಳುವುದಕ್ಕೂ ಎಂದೂ ಒಂದು ಕ್ಷಣದ ವ್ಯತ್ಯಾಸವಾದದ್ದಿಲ್ಲ. ಇಷ್ಟು ಕರಾರುವಾಕ್ಕಾಗಿ ಅವರು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ ಎಂಬುದು ಅವರ ಹೆಂಡತಿ ವಿಶಾಲಾಕ್ಷಮ್ಮನ ಅಭಿಪ್ರಾಯ.

ಈಗ ತರಗುಪೇಟೆಯ ಬೇಳೆಕಾಳು ವರ್ತಕರ ಸಂಘದವರು ಹಿರಿಯರ ಭಾವಚಿತ್ರಗಳನ್ನು ತಮ್ಮ ಸಭಾಂಗಣದ ಗೋಡೆಗೆ ಹಾಕಲು ಹೊರಟಿದ್ದರು. ಸಂಜೆ ಐದರೊಳಗೆ ಫೋಟೋ ತಲುಪಬೇಕು.

"ನೋಡಪ್ಪ, ನಾನು ಹೋದ್ಮೇಲೂ ಅದು ಅಲ್ಲೇ ಇರುತ್ತೆ," ಎಂದರು ರೇವಣಸಿದ್ದಯ್ಯ ಮಗ ನಾಗಭೂಷಣನಿಗೆ. "ನಲವತ್ತು ವರ್ಷ ಈ ಮನುಷ್ಯ ಅಂಗಡೀಲಿ ನಿದ್ದೆ ಹೊಡೀತಿದ್ದ ಅಂತ ಮುಂದಿನೋರು ಅಂದ್ಕೋಬಾರದು. ಕಣ್ಣು ಬಿಟ್ಟಿರೋದು ಒಂದು ಬೇಕು. ಅಷ್ಟೆ."

"ಸ್ಟುಡಿಯೋ ವಾದಿರಾಜ್ ಅವರನ್ನ ಕರೆಸೋಣ, ಐದು ನಿಮಿಷದ ಕೆಲಸ," ಎಂದಳು ನಾಗಭೂಷಣನ ಹೆಂಡತಿ ಐಶ್ವರ್ಯ.

ನಾಗಭೂಷಣನಿಗೆ ಅವಮಾನವಾಯಿತು. ಕ್ಯಾಮೆರಾದ ತಲೆಯ ಮೇಲೆ ಸಿಕ್ಕಿಸುವ ದೊಡ್ಡ ಫ್ಲ್ಯಾಶನ್ನು ಅವನು ತಂದು ಎರಡು ದಿನವಾಗಿತ್ತಷ್ಟೆ. ಅದರ ಬಗ್ಗೆ ಹನ್ನೊಂದು ವಿಡಿಯೋ ನೋಡಿದ್ದ. ಬ್ಯಾಂಕಿನಲ್ಲಿ ಒಂದು ಸುತ್ತೋಲೆಯನ್ನೂ ಅವನು ಅಷ್ಟು ಶ್ರದ್ಧೆಯಿಂದ ಓದಿದವನಲ್ಲ. ಹಿಂದಿನ ದಿನ ಬ್ಯಾಂಕಿನ ಬಿಳಿ ಚಾವಣಿಯ ಕೋಣೆಯಲ್ಲಿ ತನ್ನದೇ ಮುಖದ ಮೇಲೆ ಪ್ರಯೋಗ ಮಾಡಿ, 'ಗೋಡೆಯ ಮೇಲೆ ನೆರಳು ಎಲ್ಲಿದೆ ತೋರಿಸಿ ನೋಡೋಣ' ಎಂದು ಬರೆದು ಬೀದಿಯ ವಾಟ್ಸಾಪ್ ಗುಂಪಿಗೆ ಕಳಿಸಿಯೂ ಇದ್ದ. ಇಪ್ಪತ್ತಾರು ಜನ ಹೆಬ್ಬೆರಳು ಎತ್ತಿದ್ದರು. ಚಿತ್ರವನ್ನು ಸರಿಯಾಗಿ ನೋಡದೆ ಹೆಬ್ಬೆರಳು ಎತ್ತುವುದು ಆ ಗುಂಪಿನ ಮುಖ್ಯ ಚಟುವಟಿಕೆ.

"ಮನೇಲಿ ಫೋಟೋ ಕೆಡೋದೇ ಫ್ಲ್ಯಾಶನ್ನ ಮುಖಕ್ಕೆ ನೇರವಾಗಿ ಹೊಡೆಯೋದ್ರಿಂದ," ಎಂದು ನಾಗಭೂಷಣ ಪಾಠ ಶುರು ಮಾಡಿದ. "ಅದನ್ನ ಚಾವಣಿಗೆ ತಿರುಗಿಸ್ಬೇಕು. ಬೆಳಕು ಮೇಲೆ ಬಡಿದು ಮೆತ್ತಗೆ ಕೆಳಗೆ ಬರುತ್ತೆ. ಅಪ್ಪಾಜಿಗೆ ಕಣ್ಣೂ ಚುಚ್ಚಲ್ಲ."

ಚಾವಣಿ ಬಿಳಿಯಾಗಿರಬೇಕು ಎಂದು ಹನ್ನೊಂದು ವಿಡಿಯೋಗಳೂ ಹೇಳಿದ್ದವು. ಆ ಮನೆಯ ಚಾವಣಿ ಹದಿನಾಲ್ಕು ಅಡಿ ಮೇಲಿತ್ತು, ಅದಕ್ಕೆ ಅಜ್ಜನ ಕಾಲದಿಂದ ಹಸಿರು ಬಣ್ಣ ಬಳಿದಿತ್ತು. ಮೊದಲ ಚಿತ್ರದಲ್ಲಿ ರೇವಣಸಿದ್ದಯ್ಯನವರು ಹೀರೇಕಾಯಿಯ ಬಣ್ಣದಲ್ಲಿ ಮೂಡಿಬಂದರು. ಕಣ್ಣು ಮಾತ್ರ ಎಂದಿನಂತೆ ಮುಚ್ಚಿತ್ತು.

ನಾಗಭೂಷಣ ಸೋಲುವವನಲ್ಲ. ಬೀರುವಿನಿಂದ ಎರಡು ಬಿಳಿ ಹೊದಿಕೆ ತಂದು, ಕಿಟಕಿ ಸರಳುಗಳಿಂದ ಎದುರು ಗೋಡೆಯ ಮೊಳೆಗಳಿಗೆ ಹಗ್ಗ ಎಳೆದು, ಪಡಸಾಲೆಯಲ್ಲೇ ಒಂದು ಬಿಳಿ ಚಪ್ಪರ ಕಟ್ಟಿದ. ಅದರ ಕೆಳಗೆ ಗೋಡೆಗೆ ಒರಗಿಸಿದ ಮರದ ಕುರ್ಚಿಯಲ್ಲಿ ಅಪ್ಪನನ್ನು ಕೂರಿಸಿದ. ಹುಟ್ಟುಹಬ್ಬವೆಂದು ಐಶ್ವರ್ಯ ಮಾವನಿಗೆ ಶಾಲು ಹೊದಿಸಿ, ಸುಗಂಧರಾಜದ ಹಾರ ಹಾಕಿದಳು. ವಿಶಾಲಾಕ್ಷಮ್ಮ ಹಣೆ ತುಂಬ ವಿಭೂತಿ ಬಳಿದರು. ಅತ್ತೆ ಸೊಸೆ ಒಬ್ಬಟ್ಟಿನ ಹೂರಣ ರುಬ್ಬಲು ಹಿತ್ತಲ ಕಡೆಯ ಅಡಿಗೆಮನೆಗೆ ಹೋದರು. ಗ್ರೈಂಡರಿನ ಸದ್ದಿನಲ್ಲಿ ಅಲ್ಲಿಗೆ ಪಡಸಾಲೆಯ ಮಾತು ಕೇಳುತ್ತಿರಲಿಲ್ಲ.

ಮೂವತ್ತು ಚಿತ್ರಗಳಾದವು. ಮೂವತ್ತರಲ್ಲೂ ಬೆಳಕು ಅದ್ಭುತವಾಗಿತ್ತು, ಮೂವತ್ತರಲ್ಲೂ ಕಣ್ಣು ಮುಚ್ಚಿತ್ತು.

"ಒಂದು ಕೆಲಸ ಮಾಡಿ ಅಪ್ಪಾಜಿ. ಮೊದಲೇ ಕಣ್ಣು ಮುಚ್ಕೊಳ್ಳಿ. ನಾನು ಒಂದು, ಎರಡು, ಮೂರು ಅಂತೀನಿ. ಮೂರು ಅಂದಾಗ ಬಿಡಿ. ಅಲ್ಲೀತನಕ ಅಲ್ಲಾಡ್ಬೇಡಿ."

ರೇವಣಸಿದ್ದಯ್ಯ ಕಣ್ಣು ಮುಚ್ಚಿದರು. ನಾಗಭೂಷಣ ಎರಡು ಎನ್ನುವಷ್ಟರಲ್ಲಿ ಫ್ಲ್ಯಾಶಿನ ನಾಲ್ಕು ಸೆಲ್ಲುಗಳೂ ಒಟ್ಟಿಗೆ ಪ್ರಾಣಬಿಟ್ಟವು. "ಹಾಗೇ ಇರಿ, ಸೆಲ್ ತಂದ್ಬಿಡ್ತೀನಿ," ಎಂದು ಅವನು ಬಾಗಿಲನ್ನು ತೆರೆದೇ ಬಿಟ್ಟು ಓಡಿದ. ಹೇಳಿದ ಮಾತು ಮೀರದ ರೇವಣಸಿದ್ದಯ್ಯ ಹಾಗೇ ಇದ್ದರು. ಎರಡು ನಿಮಿಷದಲ್ಲಿ ಕುಳಿತಲ್ಲೇ ನಿದ್ದೆಹೋದರು.

ಕೊತ್ತಂಬರಿ ಕಟ್ಟು ಕೊಡಲು ಎದುರು ಮನೆಯ ಮುನಿರತ್ನಮ್ಮ ಹೊಸ್ತಿಲಿಗೆ ಬಂದದ್ದು ಆಗ. ಆಕೆ ಕಂಡದ್ದು ಇಷ್ಟು: ಮೇಲೆ ಬಿಳಿ ಬಟ್ಟೆ, ಕೆಳಗೆ ಗೋಡೆಗೆ ಒರಗಿ ಕೂತ ಯಜಮಾನರು, ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಮುಚ್ಚಿದ ಕಣ್ಣು. ಲಿಂಗಾಯತರ ಮನೆಗಳಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಹೀಗೇ ಸಿಂಗರಿಸಿ ಕೂರಿಸುತ್ತಾರೆ. ಮೂವತ್ತು ವರ್ಷ ಅದೇ ಬೀದಿಯಲ್ಲಿದ್ದ ಮುನಿರತ್ನಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದೇ ಜಾತಿಯಲ್ಲಿ ಹುಟ್ಟಿದ ನಾಗಭೂಷಣನಿಗೆ ಮಾತ್ರ ಬೆಳಕಿನ ಚಿಂತೆಯಲ್ಲಿ ಅದು ಹೊಳೆದಿರಲಿಲ್ಲ.

ಆಕೆ ಸದ್ದಿಲ್ಲದೆ ಹಿಂತಿರುಗಿ ಗಂಡ ಧರ್ಮರಾಜುವಿಗೆ ಹೇಳಿದಳು. ಧರ್ಮರಾಜು ಬೀದಿಯ ಗೆಳೆಯರ ಬಳಗದ ಅಧ್ಯಕ್ಷ. ಬದುಕಿದ್ದವರಿಗೆ ಅವನಿಂದ ಏನೂ ಉಪಯೋಗವಿರಲಿಲ್ಲ, ಆದರೆ ಯಾರಾದರೂ ಹೋದರೆ ಅವನ ಚುರುಕು ನೋಡಬೇಕು. ಒಂದು ಫೋನು ತರಗುಪೇಟೆಗೆ, ಒಂದು ಹೂವಿನವರಿಗೆ, ಒಂದು ಫ್ಲೆಕ್ಸ್ ಅಂಗಡಿಗೆ. ಊರಿನಲ್ಲಿ ಫ್ಲೆಕ್ಸ್ ಹಾಕಬಾರದೆಂದು ಆದೇಶವಾದ ಮೇಲೆ ಅದನ್ನು ಯಾರೂ ತಡೆಯುವ ಮುಂಚೆ ಕಟ್ಟಿಬಿಡುವ ಅಭ್ಯಾಸ ಅವನಿಗೆ ಬಂದಿತ್ತು.

ನಾಗಭೂಷಣನಿಗೆ ಸೆಲ್ಲು ಸಿಕ್ಕಿದ್ದು ನಾಲ್ಕನೇ ಅಂಗಡಿಯಲ್ಲಿ, ಮುಕ್ಕಾಲು ಗಂಟೆಯ ಮೇಲೆ. ಅವನು ಹಿಂತಿರುಗಿದಾಗ ಬಾಗಿಲಲ್ಲಿ ಇಪ್ಪತ್ತು ಜೊತೆ ಚಪ್ಪಲಿಗಳಿದ್ದವು. ಒಳಗೆ ಅಪ್ಪನ ಕೊರಳಲ್ಲಿ ಹಾರಗಳು ನಾಲ್ಕಾಗಿದ್ದವು. ಅಂಗಡಿಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದಿದ್ದ ಮರಿಯಣ್ಣ ಟವಲಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ. ಹುಟ್ಟುಹಬ್ಬಕ್ಕೆ ಇಷ್ಟು ಜನ ಬಂದರಲ್ಲ ಎಂದು ನಾಗಭೂಷಣನ ಎದೆ ತುಂಬಿಬಂತು.

"ಎಲ್ಲಾ ಬಂದಿದ್ದು ಒಳ್ಳೇದಾಯ್ತು. ಅಪ್ಪಾಜಿ ಸುತ್ತ ನಿಂತ್ಕೊಳ್ಳಿ, ಒಂದು ಫೋಟೋ ತೆಗೆದ್ಬಿಡ್ತೀನಿ."

ಕಡೆಯ ಫೋಟೋ ಇರಬಹುದೆಂದು ಎಲ್ಲರೂ ತಲೆತಗ್ಗಿಸಿ ನಿಂತರು.

"ಯಾಕೆ ಹಿಂಗಿದೀರಾ? ಸ್ವಲ್ಪ ನಗಿ."

"ದುಃಖ ನೆತ್ತಿಗೇರಿದೆ ಪಾಪ," ಎಂದು ಧರ್ಮರಾಜು ಪಕ್ಕದವರಿಗೆ ಪಿಸುಗುಟ್ಟಿದ.

"ಅಪ್ಪಾಜಿ, ರೆಡಿನಾ? ಒಂದು, ಎರಡು, ಮೂರು."

ಫ್ಲ್ಯಾಶ್ ಬೆಳಗಿತು. ಆಮೇಲೆ ರೇವಣಸಿದ್ದಯ್ಯ ಕಣ್ಣು ಬಿಟ್ಟು, "ಬಂತೇನೋ?" ಎಂದರು.

ಮರಿಯಣ್ಣ ಹಿಂದಕ್ಕೆ ಬೀಳುತ್ತ ಹಗ್ಗ ಹಿಡಿದುಕೊಂಡ. ಬಿಳಿ ಚಪ್ಪರ ಇಪ್ಪತ್ತು ಜನರ ಮೇಲೆ ಕುಸಿಯಿತು. ಅದರ ಕೆಳಗಿನ ನೂಕುನುಗ್ಗಲಿನಲ್ಲಿ ಫ್ಲ್ಯಾಶ್ ಕೆಂಪು ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಅಷ್ಟರಲ್ಲಿ ಅಡಿಗೆಮನೆಯಿಂದ ವಿಶಾಲಾಕ್ಷಮ್ಮನ ದನಿ ಕೇಳಿಸಿತು: "ಮುನಿರತ್ನಮ್ಮ, ಅಳೋದು ಆಮೇಲೆ. ಮೊದಲು ನನ್ನ ಬಿಡು, ಕಾವಲಿ ಮೇಲೆ ಒಬ್ಬಟ್ಟು ಸೀದು ಹೋಗ್ತಿದೆ."

ವಿಷಯ ಗೊತ್ತಾದ ಮೇಲೆ ಎಲ್ಲರೂ ಒಬ್ಬಟ್ಟು ತಿಂದರು. ನಾಗಭೂಷಣ ಮೂಲೆಯಲ್ಲಿ ಕೂತು ಕ್ಯಾಮೆರಾ ನೋಡಿದ. ಬೆಳಕು ಮೆತ್ತಗೆ, ಸಮನಾಗಿ ಬಿದ್ದಿತ್ತು. ನಡುವೆ ಕಣ್ಣು ಮುಚ್ಚಿದ ಅಪ್ಪ, ಸುತ್ತ ಅಳುವ ಮುಖಗಳು. ಈ ಚಿತ್ರ ತೋರಿಸಿದರೆ ಯಾವ ಕಚೇರಿಯವರಾದರೂ ಮರಣ ಪ್ರಮಾಣಪತ್ರ ಬರೆದುಕೊಡುತ್ತಿದ್ದರು. ಗಂಟೆ ನಾಲ್ಕಾಗಿತ್ತು. ಅವನಿಗೆ ನಿಜವಾಗಿಯೂ ಅಳು ಬಂತು. ಅಪ್ಪ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಫೋಟೋ.

"ಫ್ಲೆಕ್ಸ್ ಕಟ್ಟಿಯಾಗಿದೆ. ಇಳಿಸೋಕೆ ಹೇಳ್ತೀನಿ ಯಜಮಾನ್ರೆ," ಎಂದ ಧರ್ಮರಾಜು, ಸ್ವಲ್ಪ ನಿರಾಸೆಯಿಂದಲೇ.

"ಇಳಿಸೋದಿರಲಿ, ನಾನೊಂದ್ಸಲ ನೋಡ್ಬೇಕು," ಎಂದು ರೇವಣಸಿದ್ದಯ್ಯ ಎದ್ದು ಹೊರಟರು.

ಬೀದಿಯ ತಿರುವಿನಲ್ಲಿ ಎಂಟು ಅಡಿ ಎತ್ತರದ ಫ್ಲೆಕ್ಸಿನಲ್ಲಿ ಲಿಂಗೈಕ್ಯ ರೇವಣಸಿದ್ದಯ್ಯನವರು ನಗುತ್ತಿದ್ದರು. ಕಣ್ಣುಗಳೆರಡೂ ಅರಳಿದ್ದವು. ಅಂಗಡಿ ಬಾಗಿಲಲ್ಲಿ ಬೆಳಗಿನ ಬಿಸಿಲಿಗೆ ಕೂತಿದ್ದಾಗ ಮರಿಯಣ್ಣ ಗೀಚುಬಿದ್ದ ಮೊಬೈಲಿನಲ್ಲಿ ಎಂದೋ ತೆಗೆದು, ಇಂದು ಧರ್ಮರಾಜುವಿಗೆ ಕಳಿಸಿದ್ದ ಚಿತ್ರ. ಫ್ಲ್ಯಾಶ್ ಇರಲಿಲ್ಲ. ಅದರಿಂದಲೇ ರೆಪ್ಪೆಗೆ ಸುಳಿವು ಸಿಕ್ಕಿರಲಿಲ್ಲ.

ಮುದುಕರು ತಮ್ಮ ಕಣ್ಣನ್ನು ತಾವೇ ಬಹಳ ಹೊತ್ತು ನೋಡಿದರು. "ಮರಿಯಣ್ಣ, ಇದನ್ನೇ ಈಗ್ಲೇ ಸಂಘಕ್ಕೆ ಕಳಿಸ್ಬಿಡಪ್ಪ," ಎಂದರು.

ಫ್ಲೆಕ್ಸಿನ ಕೆಳಭಾಗದಲ್ಲಿ 'ದುಃಖತಪ್ತರು' ಎಂದು ಎರಡು ಚಿತ್ರಗಳಿದ್ದವು. ಒಂದು ಕಪ್ಪು ಕನ್ನಡಕದ ಧರ್ಮರಾಜು. ಇನ್ನೊಂದು, ವಾಟ್ಸಾಪ್ ಗುಂಪಿನಿಂದ ಎತ್ತಿದ ನಾಗಭೂಷಣನ ಪ್ರಯೋಗದ ಚಿತ್ರ. ನೆರಳನ್ನು ಹುಡುಕುವ ಭರದಲ್ಲಿ ಅವನು ಅಂದು ತನ್ನ ಮುಖ ನೋಡಿರಲಿಲ್ಲ. ಅದರಲ್ಲಿ ಅವನ ಎರಡೂ ಕಣ್ಣು ಮುಚ್ಚಿದ್ದವು.

ಹಾದುಹೋಗುತ್ತಿದ್ದ ಆಟೋದವನೊಬ್ಬ ಗಾಡಿ ನಿಲ್ಲಿಸಿ ಫ್ಲೆಕ್ಸ್ ನೋಡಿದ, ಮುಂದೆ ನಿಂತಿದ್ದ ರೇವಣಸಿದ್ದಯ್ಯನವರನ್ನು ನೋಡಿದ.

"ಯಜಮಾನ್ರು ಇಲ್ಲೇ ಇದಾರಲ್ಲ. ಹಂಗಾದ್ರೆ ಹೋಗಿರೋದು ಈ ಕೆಳಗಿನೋರು," ಎಂದು ಕೈಮುಗಿದ. "ಮುಖ ನೋಡಿದ್ರೇ ಗೊತ್ತಾಗುತ್ತೆ. ಪಾಪ, ಚಿಕ್ಕ ವಯಸ್ಸು."

ನಾಗಭೂಷಣ ನೆಲ ನೋಡಿದ. ರೇವಣಸಿದ್ದಯ್ಯ ಮಗನ ಹೆಗಲ ಮೇಲೆ ಕೈಯಿಟ್ಟು, ಆ ಚಿತ್ರದ ಹತ್ತಿರ ಬಗ್ಗಿ ಪರೀಕ್ಷಿಸಿದರು.

"ಆದ್ರೂ ನೀನು ಹೇಳಿದ್ದು ನಿಜ ಕಣೋ," ಎಂದರು. "ಗೋಡೆ ಮೇಲೆ ನೆರಳು ಒಂಚೂರೂ ಇಲ್ಲ."