ಗುರುಪಾದಸ್ವಾಮಿ ಕೊಂಡ ಐಕಿಡೊ ಪುಸ್ತಕ

ಆ ಗುರುವಾರ ಬೆಳಿಗ್ಗೆ ಗುರುಪಾದಸ್ವಾಮಿ ಒಂದೇ ಒಂದು ವಾಕ್ಯ ಕಡಿಮೆ ಮಾತಾಡಿದ್ದರೆ ಸಂಜೆಯ ಹೊತ್ತಿಗೆ ಅವನ ಸೊಂಟ ಸೊಂಟದ ಜಾಗದಲ್ಲೇ ಇರುತ್ತಿತ್ತು.

ಅವನು ಚಾಮರಾಜನಗರದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗುಮಾಸ್ತ. ವಯಸ್ಸು ನಲವತ್ತಾರು. ಮೈಕಟ್ಟು ಶಾಲೆಯ ಮಡಚುವ ಕುರ್ಚಿಯಂಥದು. ಸರಿಯಾದ ಕೋನದಲ್ಲಿಟ್ಟರೆ ನಿಲ್ಲುತ್ತದೆ, ಯಾರಾದರೂ ಒರಗಿದರೆ ಮಡಚಿಕೊಳ್ಳುತ್ತದೆ. ಇದು ಅವನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಉಳಿದವರಿಗೂ ಗೊತ್ತಿದೆ ಎಂದು ಗೊತ್ತಾಗುವುದು ಬೇರೆ.

ಬೆಳಿಗ್ಗೆ ಹತ್ತಕ್ಕೆ ಮುಖ್ಯೋಪಾಧ್ಯಾಯಿನಿ ಫರಹತ್ ಮೇಡಂ ಎಲ್ಲರನ್ನೂ ಸ್ಟಾಫ್ ರೂಮಿಗೆ ಕರೆದರು. ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ಹೇಗೆ ನಡೆಯುತ್ತಿದೆ ಎಂದು ನೋಡಲು ಸಂಜೆ ನಾಲ್ಕಕ್ಕೆ ಜಿಲ್ಲಾ ಮಟ್ಟದ ಅಧಿಕಾರಿ ಬರುತ್ತಿದ್ದಾರೆ. ತರಬೇತಿ ನಡೆಯುತ್ತಲೇ ಇರಲಿಲ್ಲ. ದೈಹಿಕ ಶಿಕ್ಷಕಿ ಹೆರಿಗೆ ರಜೆಯ ಮೇಲೆ ಹೋಗಿ ಎರಡು ತಿಂಗಳಾಗಿತ್ತು. ಯಾರಿಗಾದರೂ ಏನಾದರೂ ಒಂದಿಷ್ಟು ಬರುತ್ತದೆಯೇ ಎಂದು ಮೇಡಂ ಕೇಳಿದರು. ಅವರ ಕಣ್ಣು ವಿಜ್ಞಾನದ ಮೇಷ್ಟರ ಮೇಲೆ ನಿಂತಿತು, ಹಿಂದಿ ಟೀಚರ್ ಮೇಲೆ ನಿಂತಿತು, ಮುಂದಿನ ವರ್ಷ ನಿವೃತ್ತಿಯಾಗುವ ಜವಾನನ ಮೇಲೂ ಒಂದು ಗಳಿಗೆ ನಿಂತಿತು. ಗುರುಪಾದಸ್ವಾಮಿಯನ್ನು ಮಾತ್ರ ಕಬ್ಬಿಣದ ಬೀರುವನ್ನು ದಾಟುವಂತೆ ದಾಟಿ ಮುಂದೆ ಹೋಯಿತು.

ಅಲ್ಲಿ ಅವನ ಮನಸ್ಸಿಗೆ ಚುಚ್ಚಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಕಾಲೇಜಲ್ಲಿದ್ದಾಗ ಮೈಸೂರಲ್ಲಿ ಸ್ವಲ್ಪ ಐಕಿಡೊ ಕಲ್ತಿದ್ದೆ, ಮೇಡಂ."

ಕಲಿತದ್ದೇನೂ ಇಲ್ಲ. ಹಾಸ್ಟೆಲ್ಲಿನ ಎದುರು ಗೋಡೆಗೆ ಐಕಿಡೊ ಎಂಬ ಜಪಾನಿನ ಪಟ್ಟುಗಳ ತರಗತಿಯ ಪೋಸ್ಟರ್ ಅಂಟಿಸಿದ್ದರು. ಎರಡು ವರ್ಷ ಅದನ್ನು ನೋಡಿಕೊಂಡು ಹಲ್ಲುಜ್ಜಿದ್ದ. ಕರಾಟೆ ಎಂದಿದ್ದರೆ ಯಾರಾದರೂ ಹೆಂಚು ತಂದು ಮುಂದಿಡುವ ಅಪಾಯವಿತ್ತು. ಐಕಿಡೊ ಎಂದರೆ ಊರಿನಲ್ಲಿ ಯಾರಿಗೂ ಗೊತ್ತಿರಲಾರದು ಎಂಬುದು ಅವನ ಲೆಕ್ಕಾಚಾರ. ಹೇಗೂ ಗೊತ್ತಿಲ್ಲದ್ದರಲ್ಲಿ ನಾಲ್ಕು ಸಲ ಕೈ ತಿರುಗಿಸಿದರೆ ಮುಗಿಯಿತು ಎಂದುಕೊಂಡ.

ಫರಹತ್ ಮೇಡಂ ಮುಖ ಅರಳಿತು. ಕೂಡಲೇ ತಪಾಸಣೆಯ ನಮೂನೆ ತೆಗೆದು ಕನ್ನಡಕ ಏರಿಸಿದರು. ಅದರಲ್ಲಿ ತರಬೇತಿಗೆ ಬಳಸುವ ಪುಸ್ತಕ ಯಾವುದು ಎಂಬ ಕಾಲಂ ಇತ್ತು. "ನಿಮ್ಮ ಪುಸ್ತಕ ತಂದ್ಬಿಡಿ ಸ್ವಾಮಿ. ಒಳ್ಳೇದಿರ್ಲಿ, ಅವ್ರು ತೆಗೆದು ನೋಡ್ತಾರಂತೆ," ಎಂದು ಅವನಿಗೆ ಮಧ್ಯಾಹ್ನದವರೆಗೆ ಹೊರಗೆ ಹೋಗಲು ಒಪ್ಪಿಗೆಯನ್ನೂ ಕೊಟ್ಟರು. ಹದಿನೆಂಟು ವರ್ಷದ ನೌಕರಿಯಲ್ಲಿ ಮೇಡಂ ಅವನನ್ನು ಹಾಗೆ ಗೌರವದಿಂದ ನೋಡಿದ್ದು ಅದೇ ಮೊದಲು. ಈಗ ನಿಜ ಹೇಳಿಬಿಡಲು ಬೀದಿಯ ಹಸುವಿನ ಮುಂದೆ ಹೋಗುವಷ್ಟು ಧೈರ್ಯ ಸಾಕಿತ್ತು. ಅವನಲ್ಲಿ ಅದೂ ಇರಲಿಲ್ಲ.

ಮೊದಲು ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ವಿಡಿಯೊ ನೋಡಿದ. ಒಬ್ಬ ಮುದುಕ ಕೈ ಬೀಸುವುದು, ಒಬ್ಬ ದಾಂಡಿಗ ಹಾರಿ ಬೀಳುವುದು, ಎರಡೂ ರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತಿತ್ತು. ನಿಧಾನ ಮಾಡಿದರೆ ಮಧ್ಯೆ ಸೋಪಿನ ಜಾಹೀರಾತು ಬರುತ್ತಿತ್ತು. ಪುಸ್ತಕವೇ ಸರಿ ಎಂದು ಬಸ್ ನಿಲ್ದಾಣದ ಹತ್ತಿರದ ಮಹದೇವಪ್ರಸಾದನ ಅಂಗಡಿಗೆ ನಡೆದ. ಮಹದೇವಪ್ರಸಾದ ಮಾರುತ್ತಿದ್ದುದು ಗೈಡುಗಳನ್ನು ಮಾತ್ರ. ಐಕಿಡೊ ಪಿಯುಸಿಗೋ ಡಿಗ್ರಿಗೋ ಎಂದು ಅವನು ಗಂಭೀರವಾಗಿ ಕೇಳಿದ. ವಿಷಯ ತಿಳಿದ ಮೇಲೆ, ಪಟ್ಟು ಕಲಿಸುವ ಪುಸ್ತಕವನ್ನು ಆರಿಸುವುದು ಹೇಗೆಂದು, ತಾನು ಅಂಥ ಪುಸ್ತಕವನ್ನು ಜನ್ಮದಲ್ಲಿ ನೋಡಿರದಿದ್ದರೂ, ಹತ್ತು ನಿಮಿಷ ಬೋಧಿಸಿದ. ಚಿತ್ರಕ್ಕೆ ನಂಬರ್ ಇರಬೇಕು. ಕೈ ತೋರಿಸಿದರೆ ಸಾಲದು, ಕಾಲು ಎಲ್ಲಿಡಬೇಕು ಅಂತ ತೋರಿಸಬೇಕು. ಏಳು ದಿನದಲ್ಲಿ ಕಲಿಯಿರಿ ಎಂದು ಮುಖಪುಟದಲ್ಲಿದ್ದರೆ ಮುಟ್ಟಬಾರದು. ಅಂಥ ಗೈಡುಗಳನ್ನು ಮಾರಿಯೇ ತಾನು ಮನೆ ಕಟ್ಟಿಸಿದ್ದು, ಅವುಗಳೊಳಗೆ ಏನೂ ಇರುವುದಿಲ್ಲ.

ಕೊನೆಗೆ ಅವನೇ ಗುಂಡ್ಲುಪೇಟೆಯ ಹಳೇ ಪೇಪರ್ ವ್ಯಾಪಾರಿ ಪೀರ್ ಪಾಷಾನಿಗೆ ಫೋನ್ ಮಾಡಿದ. ಕೇರಳದ ಬತ್ತೇರಿಯಲ್ಲಿ ಮುಚ್ಚಿಹೋದ ಒಂದು ವ್ಯಾಯಾಮಶಾಲೆಯ ಪುಸ್ತಕಗಳು ಮೊನ್ನೆ ತಾನೇ ಲಾರಿಯಲ್ಲಿ ಬಂದಿವೆ ಎಂದು ತಿಳಿಯಿತು. ಗುರುಪಾದಸ್ವಾಮಿ ಸಿಕ್ಕ ಬಸ್ ಹತ್ತಿದ.

ಗುಂಡ್ಲುಪೇಟೆಯಲ್ಲಿ ಪೀರ್ ಪಾಷಾನ ಮಳಿಗೆ ಹೆದ್ದಾರಿಯ ಪಕ್ಕದಲ್ಲೇ ಇತ್ತು. ಒಳಗೆ ಪೇಪರಿನ ಗಂಟುಗಳು ಸೂರಿನವರೆಗೆ ಒಟ್ಟಿದ್ದವು. ಪೀರ್ ಪಾಷಾ ಮೂರು ಪುಸ್ತಕ ತಂದಿಟ್ಟ. ಮೊದಲನೆಯದು ಇಂಗ್ಲಿಷಿನದು, ಇಟ್ಟಿಗೆಯಷ್ಟು ದಪ್ಪ, ಹೊಳೆಯುವ ಬಣ್ಣದ ಚಿತ್ರಗಳು.

"ಸ್ವಾಮಿ, ಬುಕ್ಕು ಒಳ್ಳೇದಾ ಕೆಟ್ಟದ್ದಾ ನನ್ಗೆ ಗೊತ್ತಾಗಕಿಲ್ಲ," ಎಂದ ಪೀರ್ ಪಾಷಾ. "ನನ್ಗೆ ಗೊತ್ತಿರೋದು ತೂಕ ಒಂದೇಯ. ಇದು ಒಳ್ಳೆ ತೂಕ ಅದೆ, ತಕೊಂಡೋಗಿ."

ತೆರೆದು ನೋಡಿದರೆ ನಡುವಿನ ಹಾಳೆಗಳನ್ನು ಗೆದ್ದಲು ತಿಂದಿತ್ತು. ಪ್ರತಿ ಜಗಳವೂ ಎಡಗಡೆ ಶುರುವಾಗಿ, ಬಲಗಡೆ ಇಬ್ಬರೂ ಪರಸ್ಪರ ನಮಸ್ಕಾರ ಮಾಡುವಲ್ಲಿಗೆ ಬರುತ್ತಿತ್ತು. ಎರಡನೆಯದು ಕನ್ನಡದ್ದು, ಏಳು ದಿನದಲ್ಲಿ ಕಲಿಸುವಂಥದ್ದು. ಮಹದೇವಪ್ರಸಾದನ ಮಾತು ನೆನೆದು ಗುರುಪಾದಸ್ವಾಮಿ ಅದನ್ನು ಕೈಯಿಂದ ಸರಿಸಿದ. ಮೂರನೆಯದು ಮಲಯಾಳದ ತೆಳ್ಳನೆಯ ಪುಸ್ತಕ. ಪ್ರತಿ ಪಟ್ಟಿಗೂ ಆರು ಚಿತ್ರ, ಆರಕ್ಕೂ ನಂಬರ್, ಕೆಳಗೆ ಪುಟ್ಟ ಪುಟ್ಟ ಹೆಜ್ಜೆ ಗುರುತು. ಬೇಕಾದದ್ದು ಇದೇ. ಅಕ್ಷರ ಮಾತ್ರ ಅವನಿಗೆ ಜಿಲೇಬಿ ತಟ್ಟೆಯಂತೆ ಕಂಡಿತು.

ಚಿತ್ರಗಳಲ್ಲಿ ಇಬ್ಬರು. ಒಬ್ಬ ಬರೀ ಬಿಳಿ ಬಟ್ಟೆಯವನು. ಇನ್ನೊಬ್ಬ ಬಿಳಿ ಅಂಗಿಯ ಮೇಲೆ ಕಪ್ಪು ಲಂಗದಂಥದ್ದನ್ನು ಉಟ್ಟವನು. ಕಲಿಯಬೇಕಾದದ್ದು ಯಾರನ್ನು ನೋಡಿ ಎಂಬ ಪ್ರಶ್ನೆ ಎದ್ದಿತು. ಪೀರ್ ಪಾಷಾನ ಹೆಂಡತಿ ರಹಮತ್ ಬಿ ಟೀ ಕೊಡಲು ಬಂದವರು ಬಗ್ಗಿ ನೋಡಿ, ಕಪ್ಪು ಉಟ್ಟವನ ಮುಖದಲ್ಲೇ ರೌಡಿಯ ಕಳೆ ಇದೆ, ಬಿಳಿಯವನು ಒಳ್ಳೆಯ ಮನೆಯ ಹುಡುಗ ಎಂದು ತೀರ್ಪು ಕೊಟ್ಟರು. ಈರುಳ್ಳಿ ತುಂಬಿಸಿಕೊಂಡು ಹೊರಟಿದ್ದ ಬತ್ತೇರಿಯ ಲಾರಿ ಡ್ರೈವರನನ್ನು ಓದಲು ಕರೆದರು. ಅವನು ಎಂಜಿನ್ ಆರಿಸದೆಯೇ ಇಳಿದು ಬಂದು ಒಂದು ಪುಟ ಓದಿದ.

"ಸಾರೇ, ಹೊಸಬರಿಗೆ ಬಿಳಿ ಮಾತ್ರ ಅಂತ ಬರ್ದಿದೆ. ಕಪ್ಪು ಉಡಕ್ಕೆ ಕೊಲ್ಲಂ ಕೊಲ್ಲಂ ಬೇಕು. ವರ್ಷಗಟ್ಲೆ."

ಹೊಸಬ ಎಂದರೆ ತಾನೇ. ಅಲ್ಲಿಗೆ ಗುರುಪಾದಸ್ವಾಮಿಯ ಅನುಮಾನ ತೀರಿತು. ಒಂದನೇ ಚಿತ್ರದಲ್ಲಿ ಬಿಳಿಯವನು ಕಪ್ಪಿನವನ ಮಣಿಕಟ್ಟು ಹಿಡಿಯುತ್ತಾನೆ. ಎರಡು, ಮೂರರಲ್ಲಿ ಸುತ್ತ ಓಡುತ್ತಾನೆ. ನಾಲ್ಕರಲ್ಲಿ ತಲೆ ಬಗ್ಗಿಸುತ್ತಾನೆ. ಐದರಲ್ಲಿ ಕಾಲು ಮೇಲೆ. ಆರರಲ್ಲಿ ನೆಲದ ಮೇಲೆ ಆರಾಮವಾಗಿ ಮಲಗಿದ್ದಾನೆ. ಕಪ್ಪಿನವನು ಬರಿಗೈಯಲ್ಲಿ ಪೆಚ್ಚಾಗಿ ನಿಂತಿದ್ದಾನೆ. "ನೋಡಿ, ಹೆಂಗೆ ತಪ್ಪಿಸ್ಕೊಂಡ," ಎಂದರು ರಹಮತ್ ಬಿ. ಆತ್ಮರಕ್ಷಣೆ ಎಂದರೆ ಇದೇ ಅಲ್ಲವೇ ಎಂದು ಗುರುಪಾದಸ್ವಾಮಿಗೂ ಅನ್ನಿಸಿತು. ಪೀರ್ ಪಾಷಾ ಎರಡು ಪೇಪರ್ ಗಂಟು ಬಿಚ್ಚಿ ಹಾಸಿಕೊಟ್ಟ. ಅದರ ಮೇಲೆ ಹದಿನೈದು ಸಲ ಉರುಳಿದ ಮೇಲೆ ಐದನೇ ಚಿತ್ರದಿಂದ ಆರನೇ ಚಿತ್ರಕ್ಕೆ ಹೋಗುವುದು ಅವನಿಗೆ ಕೈವಶವಾಯಿತು. ತನ್ನ ಮಡಚುವ ಮೈಕಟ್ಟು ಒಂದು ವಿದ್ಯೆಗೆ ಹೇಳಿ ಮಾಡಿಸಿದಂತಿದೆ ಎಂದು ತಿಳಿದು, ನಲವತ್ತಾರು ವರ್ಷ ವ್ಯರ್ಥವಾಯಿತಲ್ಲ ಎಂದು ಮರುಗಿದ.

ಹಿಂದಿರುಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ತೆರಕಣಾಂಬಿಯ ರೈತ ಚಿಕ್ಕಮಲ್ಲಪ್ಪ. ಪುಸ್ತಕ ನೋಡಿ ಅವನಿಗೆ ಕುತೂಹಲ ತಡೆಯಲಾಗಲಿಲ್ಲ.

"ಏನ್ ಸಾಮಿ, ಜಗಳಕ್ಕೂ ಬುಕ್ ಬಂದದಾ? ನಾವು ಹಂಗೇ ಕಲ್ತ್‌ಬುಟ್ಟೊ ಕಣಪ್ಪಾ. ಎಲ್ಲಿ, ಒಂದ್ಸಲ ಮಾಡಿ ತೋರ್ಸಿ, ನೋಡನ."

ಗುರುಪಾದಸ್ವಾಮಿ ಎದ್ದು ನಿಂತು ಅವನ ಮಣಿಕಟ್ಟು ಹಿಡಿದ. ಅದೇ ಗಳಿಗೆಗೆ ಡ್ರೈವರ್ ಒಂದು ಎಮ್ಮೆಗಾಗಿ ಬ್ರೇಕ್ ಒತ್ತಿದ. ಗುರುಪಾದಸ್ವಾಮಿ ಎರಡು, ಮೂರು, ನಾಲ್ಕನ್ನು ಬಿಟ್ಟು ನೇರ ಐದಕ್ಕೆ ಹೋಗಿ, ಸೀಟುಗಳ ನಡುವೆ ಚಕ್ರದಂತೆ ಉರುಳಿ, ಡ್ರೈವರನ ಹಿಂದಿದ್ದ ಈರುಳ್ಳಿ ಮೂಟೆಗೆ ಬೆನ್ನು ಕೊಟ್ಟು ನಿಂತ. ಕನ್ನಡಕ ಕೂಡ ಬೀಳಲಿಲ್ಲ. ಬಸ್ಸಿನವರೆಲ್ಲ ಮೆಚ್ಚಿದರು. ಕಂಡಕ್ಟರ್ ಎರಡು ಸಲ ಕೈಕುಲುಕಿದ. ಚಾಮರಾಜನಗರದಲ್ಲಿ ಇಳಿಯುವಾಗ ಗುರುಪಾದಸ್ವಾಮಿಯ ಎದೆ ಷರಟಿನ ಗುಂಡಿಗಳನ್ನು ಮೊದಲ ಸಲ ಮುಟ್ಟಿತ್ತು.

ನಾಲ್ಕಕ್ಕೆ ಸರಿಯಾಗಿ ಅಧಿಕಾರಿ ಬಂದರು. ಹೆಸರು ಮಾನಸ, ನೂಲಿನ ಸೀರೆ, ಸಣ್ಣ ದನಿ, ಕಡಿಮೆ ಮಾತು. ಪುಸ್ತಕವನ್ನು ಕೈಗೆತ್ತಿಕೊಂಡು ಪುಟ ತಿರುಗಿಸಿದರು, ಹುಬ್ಬು ಏರಿಸಿದರು. ಮೈದಾನದಲ್ಲಿ ಜಮಖಾನ ಹಾಸಿತ್ತು. ಸುತ್ತ ಒಂಬತ್ತನೇ ತರಗತಿಯ ಹುಡುಗಿಯರು. ಗುರುಪಾದಸ್ವಾಮಿ ಎದುರಾಳಿಯಾಗಿ ಹರದನಹಳ್ಳಿಯ ಸಿಂಧುವನ್ನು ಆರಿಸಿದ್ದ. ಅವಳು ಶಾಲೆಯ ಕಬಡ್ಡಿ ತಂಡದವಳು.

"ನಾನು ನಿನ್ನ ಕೈ ಹಿಡೀತೀನಿ. ನೀನು ಸುಮ್ನೆ ನಿಂತಿರು, ನಾನು ತಪ್ಪಿಸ್ಕೊತೀನಿ," ಎಂದ.

ಹಿಡಿದವನು ತಪ್ಪಿಸಿಕೊಳ್ಳುವುದೇನೆಂದು ಸಿಂಧುವಿಗೆ ಅರ್ಥವಾಗಲಿಲ್ಲ. ಅವನು ಮಣಿಕಟ್ಟು ಹಿಡಿದ ಕೂಡಲೇ ಕಬಡ್ಡಿಯ ಅಭ್ಯಾಸಬಲದಿಂದ ಸರ್ರನೆ ತಿರುಗಿ ಕೈ ಎಳೆದುಕೊಂಡಳು. ಗುರುಪಾದಸ್ವಾಮಿ ಸುತ್ತ ಓಡಿದ, ತಲೆ ಬಗ್ಗಿತು, ಕಾಲು ಮೇಲೆ ಹೋಯಿತು. ಚಿತ್ರದಲ್ಲಿದ್ದಂತೆ ಒಂದು ಕೂದಲೂ ಆಚೀಚೆ ಆಗದೆ ಜಮಖಾನದ ಮೇಲೆ ಅಂಗಾತ ಬಿದ್ದ. ಸಿಂಧು ಬರಿಗೈಯಲ್ಲಿ ಪೆಚ್ಚಾಗಿ ನಿಂತಿದ್ದಳು. ಕೆಳಗಿನಿಂದ ಅವಳನ್ನು ನೋಡಿದಾಗ ಅವನಿಗೆ ಹೊಳೆಯಿತು. ಆರು ಚಿತ್ರಗಳಲ್ಲೂ ಪಟ್ಟು ಹಾಕುತ್ತಿದ್ದವನು ಕಪ್ಪು ಲಂಗದವನು. ತಾನು ಮಧ್ಯಾಹ್ನದಿಂದ ಶ್ರದ್ಧೆಯಿಂದ ಕಲಿತದ್ದು ಒದೆ ತಿನ್ನುವವನ ಪಾಠ.

ಹುಡುಗಿಯರು ಚಪ್ಪಾಳೆ ತಟ್ಟಿದರು. ಸಾರ್ ಬೇಕೆಂದೇ ಬಿದ್ದು ತೋರಿಸುತ್ತಿದ್ದಾರೆ ಎಂದು ಎಲ್ಲರೂ ತಿಳಿದರು. ನನಗೆ, ನನಗೆ ಎಂದು ಸಾಲು ನಿಂತರು. ಗುರುಪಾದಸ್ವಾಮಿ ಒಬ್ಬೊಬ್ಬಳ ಕೈ ಹಿಡಿದ, ಒಬ್ಬೊಬ್ಬಳಿಂದಲೂ ಬಿದ್ದ. ಇಪ್ಪತ್ತೆರಡನೆಯವಳಾದ ಮೇಲೆ ಆಕಾಶ ಯಾವ ಕಡೆ ಇದೆ ಎಂದು ಅವನು ಹುಡುಕಬೇಕಾಯಿತು. ಫರಹತ್ ಮೇಡಂ ಹೆಮ್ಮೆಯಿಂದ ನೋಡುತ್ತಿದ್ದರು. ಮಾನಸ ಅವರು ಒಂದೇ ಸಮನೆ ಬರೆದುಕೊಳ್ಳುತ್ತಿದ್ದರು.

ಎಲ್ಲ ಮುಗಿದ ಮೇಲೆ ಅವರು ಅವನೊಬ್ಬನನ್ನೇ ಆಫೀಸು ಕೋಣೆಗೆ ಕರೆದರು. ಎಷ್ಟು ವರ್ಷ ಕಲಿತಿದ್ದೀರಿ ಎಂದು ಮೆಲ್ಲಗೆ ಕೇಳಿದರು. ಅವನಲ್ಲಿ ಸುಳ್ಳು ಹೇಳುವ ಮೂಳೆ ಒಂದೂ ಉಳಿದಿರಲಿಲ್ಲ.

"ಇವತ್ತು ಮಧ್ಯಾಹ್ನದಿಂದ, ಮೇಡಂ," ಎಂದ.

"ಗೊತ್ತಾಯ್ತು. ನಾನು ಒಂಬತ್ತು ವರ್ಷ ಐಕಿಡೊ ಮಾಡಿದೀನಿ."

ಗುರುಪಾದಸ್ವಾಮಿ ಮೇಜಿನ ಅಂಚು ಹಿಡಿದುಕೊಂಡ. ನೌಕರಿ ಹೋದಂತೆಯೇ ಎಂದುಕೊಂಡ. ಆದರೆ ಮಾನಸ ಅವರ ಮುಖದಲ್ಲಿ ಕೋಪವಿರಲಿಲ್ಲ. ಬಹಳ ದಿನ ಹುಡುಕಿದ ವಸ್ತು ಸಿಕ್ಕವರ ಸಮಾಧಾನವಿತ್ತು. ಜಿಲ್ಲೆಯ ಶಾಲೆಗಳಿಗೆ ತಾವೇ ಹೋಗಿ ಕಲಿಸಬೇಕೆಂದು ಅವರಿಗೆ ಎರಡು ವರ್ಷದಿಂದ ಆಸೆಯಂತೆ. ಬೀಳಿಸಲು ಎಲ್ಲರೂ ಮುಂದೆ ಬರುತ್ತಾರಂತೆ. ಹೆದರದೆ, ಬೇಜಾರಿಲ್ಲದೆ, ಮೂಳೆ ಮುರಿದುಕೊಳ್ಳದೆ ಬೀಳುವ ಒಬ್ಬನೂ ಇದುವರೆಗೆ ಸಿಕ್ಕಿರಲಿಲ್ಲವಂತೆ.

"ಸೋಮವಾರದಿಂದ ನನ್ ಜೊತೆ ಬನ್ನಿ," ಎಂದರು. "ಸೋಮವಾರ ಸಂತೆಮರಹಳ್ಳಿ, ಬುಧವಾರ ಇಲ್ಲಿ, ಶುಕ್ರವಾರ ಗುಂಡ್ಲುಪೇಟೆ. ಆರು ತಿಂಗಳು ನಿಯೋಜನೆ ಹಾಕ್ತೀನಿ. ಕಲ್ಸೋದು ನಾನು. ನೀವು ಬಿದ್ರೆ ಸಾಕು."

ಅವನು ಏನೋ ಹೇಳಲು ಬಾಯಿ ತೆರೆದ. ಬೆಳಿಗ್ಗೆ ತೆರೆದದ್ದೇ ಹೆಚ್ಚಾಯಿತೆಂದು ಮುಚ್ಚಿದ. ಹೋಗಲಿ, ಪುಸ್ತಕವಾದರೂ ಇದೆ. ಸೋಮವಾರದೊಳಗೆ ಕಪ್ಪು ಲಂಗದವನ ಭಾಗವನ್ನು ಕಲಿತುಬಿಟ್ಟರೆ ಅಷ್ಟೊಂದು ಬೀಳಬೇಕಾಗಲಾರದು ಎಂದು ಕೈ ಚಾಚಿದ. ಮಾನಸ ಅವರು ಪುಸ್ತಕವನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡು ಜಿಪ್ ಎಳೆದರು.

"ಒಳ್ಳೇ ಪುಸ್ತಕ ಆರಿಸಿದ್ದೀರಿ. ಆದ್ರೆ ಇದು ನಿಮ್ಗೆ ಬೇಡ. ಮುಂದೇನಾಗುತ್ತೆ ಅಂತ ಓದ್ಕೊಂಡು ಬಂದ್ರೆ ಬೀಳೋದು ಸಹಜವಾಗಿರಲ್ಲ."

ಅವರು ಹೋದ ಮೇಲೆ ಫರಹತ್ ಮೇಡಂ ನಿಯೋಜನೆಯ ಪತ್ರವನ್ನು ಇವತ್ತೇ ಕಳಿಸಬೇಕು ಎಂದರು. ಟೈಪು ಮಾಡುವವನು ಶಾಲೆಗೆ ಒಬ್ಬನೇ ಗುಮಾಸ್ತ. ಕುರ್ಚಿಯ ಮೇಲೆ ಕೂರಲು ಸೊಂಟ ಒಪ್ಪಲಿಲ್ಲ. ಗುರುಪಾದಸ್ವಾಮಿ ನಿಂತುಕೊಂಡೇ ಕಂಪ್ಯೂಟರ್ ಹಾಕಿ, ಮೇಲ್ಕಂಡ ನೌಕರರು ಆರು ತಿಂಗಳ ಕಾಲ ವಾರಕ್ಕೆ ಮೂರು ದಿನ ಬೀಳಲು ತಮ್ಮ ಸಂಪೂರ್ಣ ಒಪ್ಪಿಗೆ ಸೂಚಿಸಿರುತ್ತಾರೆ ಎಂದು ಒಂದೊಂದೇ ಅಕ್ಷರ ಒತ್ತತೊಡಗಿದ.