ಆಡಿಟರ್ ಕುಡಿದ ಕಾಫಿ

ಕಳ್ಳ ಲೆಕ್ಕ ಹಿಡಿಸೋಕೆ ಹೋದಲ್ಲೆಲ್ಲ ನನಗೆ ಸಿಟ್ಟಿನ ಜೊತೆಗೆ ನಗುವೂ ಬಂದುಬಿಡುತ್ತೆ. ೧೯೮೦ರ ಆಸುಪಾಸಿನಲ್ಲಿ, ವಕ್ಕಲೇರಿ ಪಕ್ಕದ ನಮ್ಮೂರಿನ ಹಾಲಿನ ಸೊಸೈಟಿ ಸೆಕ್ರೆಟರಿ, ಹಾಲು ಹಾಕೋ ಹೆಂಗಸರ ಬೋನಸ್ ನುಂಗಿದ್ದ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಸಿಟ್ಟಿನಲ್ಲೇ ಲೆಡ್ಜರ್ ಓದೋದು ಕಲಿತು, ಕೋಲಾರದಲ್ಲಿ ಸೊಸೈಟಿಗಳ ಆಡಿಟರ್ ಮುಂದೆ ಕೂಗಾಡಿದೆ. ಅವರು ಕನ್ನಡಕ ಒರೆಸಿಕೊಂಡು, "ನಿಮ್ಮೂರಿನ ಸರದಿ ಕೊನೇಲಿದೆ. ಅಲ್ಲೀವರೆಗೆ ಈ ಕೂಗಾಟ ನನ್ನ ಜೊತೆ ಬರಲಿ" ಅಂದರು. ಹೋದೆ.

೧. ಫ್ಯಾನು

ಮಾಲೂರು ಕಡೆಯ ಸೊಸೈಟಿ. ಒಂದೇ ವರ್ಷದಲ್ಲಿ ಫ್ಯಾನ್ ರಿಪೇರಿಗೆ ಮೂರು ಬಿಲ್ಲು. ಆಡಿಟರ್ ಬೆವರು ಒರೆಸುತ್ತಾ, "ಸ್ವಲ್ಪ ಫ್ಯಾನ್ ಹಾಕಪ್ಪ" ಅಂದರು.

"ಕರೆಂಟಿಲ್ಲ ಸಾರ್" ಅಂದ ಅಲ್ಲಿನ ಸೆಕ್ರೆಟರಿ.

"ಯಾವಾಗ ಬರುತ್ತೆ?"

ನಾನು ತಡೆಯಲಾರದೆ, "ಊರಿಗೆ ಕಂಬ ಹಾಕಿದ ಮೇಲೆ ಸಾರ್" ಅಂದೆ.

೨. ಹೋರಿ

ಯಲ್ದೂರು ಕಡೆ ಎರಡು ಊರಿನ ಸೊಸೈಟಿಗಳೂ ಒಂದೊಂದು ಹೋರಿ ಸಾಕುತ್ತೀವಿ ಅಂತ ಹಿಂಡಿ, ಬೂಸಾ ಖರ್ಚು ಬರೆದಿದ್ದವು. ಮೊದಲನೇ ಊರಲ್ಲಿ ಹೋರಿ ತೋರಿಸಿದರು. ನಾನು ಸುಮ್ಮನೆ ಅದರ ಬೆನ್ನಿಗೆ ಸುಣ್ಣದ ಬೆರಳು ಒರೆಸಿದೆ. ನಾವು ಸುತ್ತು ಹಾಕಿ ಬಸ್ಸಲ್ಲಿ ಎರಡನೇ ಊರಿಗೆ ಹೋಗೋ ಹೊತ್ತಿಗೆ, ಹೋರಿ ಮಾವಿನ ತೋಪಿನ ಅಡ್ಡದಾರಿಯಲ್ಲಿ ಬಂದು ಏದುಸಿರು ಬಿಡುತ್ತಿತ್ತು.

"ಎರಡೂ ಅವಳಿ ಸಾರ್" ಅಂದ ಅಲ್ಲಿನ ಸೆಕ್ರೆಟರಿ.

ಆಡಿಟರ್ ಕೇಳಿದರು: "ಬೆನ್ನಿನ ಸುಣ್ಣಾನೂ ಅವಳೀನಾ?"

೩. ನಮ್ಮನೆ ಹಾಲು

ಕೊನೆಗೆ ನಮ್ಮೂರು. ಯಾರ ಮನೇಲೂ ನೀರು ಮುಟ್ಟದ ಆಡಿಟರ್, ನಮ್ಮದು ನಿಯತ್ತಿನ ಮನೆ ಅಂತ ನಾಲ್ಕು ದಿನವೂ ಬೆಳಗ್ಗೆ ಅಮ್ಮನ ಕೈ ಕಾಫಿ ಕುಡಿದರು. ಬೋನಸ್ ಪಟ್ಟಿಯ ಅಷ್ಟೂ ಹೆಬ್ಬೆಟ್ಟು ಒಬ್ಬನದೇ ಅಂತ ಗೊತ್ತಾಯಿತು. ಸೆಕ್ರೆಟರಿ ಹೆಂಗಸರ ಮುಂದೆಯೇ ಎಗರಿದ: "ಇವನ ಮಾತು ನಂಬ್ತೀರಾ ಸಾರ್? ಇವರಮ್ಮ ಹಾಕೋದೇ ನೀರು ಹಾಲು!"

"ಅಳೀಲೇ, ಈಗಲೇ ಅಳಿ!" ಅಂತ ನಾನೇ ಅಮ್ಮನ ಕ್ಯಾನು ಎಳೆದಿಟ್ಟೆ.

ಅಳೆಯೋ ಕಡ್ಡಿ ಹಾಲಲ್ಲಿ ಆಳಕ್ಕೆ ಇಳಿದುಬಿಟ್ಟಿತು: ನೀರು ಬೆರೆತಿರೋದು ನಿಜ.

ಅಮ್ಮ ಸೆರಗು ಸಿಕ್ಕಿಸಿ ನನ್ನ ಕಡೆ ತಿರುಗಿದಳು. "ಏನ್ಲಾ, ಆಡಿಟರಿಗೆ ದಿನಾ ಕಾಫಿ ಎಲ್ಲಿಂದ ಬರ್ತದೆ ಅಂದ್ಕೊಂಡೆ? ಒಂದು ಲೋಟ ಹಾಲು ತೆಗೆದೆ, ಒಂದು ಲೋಟ ನೀರು ಹಾಕ್ದೆ. ಬರ್ಕೊಳ್ಳಿ ಸಾರ್. ನಂದು ನಾಲ್ಕು ಲೋಟ. ಅವನದೆಷ್ಟು, ಕೇಳಿ!"

ಆಡಿಟರ್ ಎರಡನ್ನೂ ಬರೆದುಕೊಂಡರು. ಹೆಂಗಸರಿಗೆಲ್ಲ ಬೋನಸ್ ಬಂತು. ಅಮ್ಮನದರಲ್ಲಿ ನಾಲ್ಕು ಲೋಟದ ದುಡ್ಡು ಮುರಿದಿದ್ದರು.

ಕ್ಯಾನು ಎಳೆದಿಟ್ಟ ತಪ್ಪಿಗೆ ಅವತ್ತಿನಿಂದ ನನಗೆ ಬರೀ ಡಿಕಾಕ್ಷನ್.