ಲಗೇಜು ಕೂತ ಕತೆ

ಮುದ್ದಮ್ಮ: ಅಲ್ಲಾ, ನಾಯಿ ನಿಮ್ ಕಣ್ಮುಂದೇನೇ ಸಂಡಿಗೆ ತಿಂತಾ ಅದೆ. ನೀವು ಕೂತ್ಕಂಡು ನೋಡ್ತಾ ಇದ್ರಾ?

ದೊಡ್ಡಮಾದಯ್ಯ: ನೋಡ್ತಾ ಇರ್ನಿಲ್ಲ ಕಣಮ್ಮಿ. ಅರಿತ್ಕತಾ ಇದ್ದೆ.

ಮುದ್ದಮ್ಮ: ಏನಂತ?

ದೊಡ್ಡಮಾದಯ್ಯ: ‘ನಾಯಿ ಸಂಡಿಗೆ ತಿಂತಾ ಅದೆ’ ಅಂತ. ಆಮೇಲೆ ‘ನಾಯಿ ಎರಡ್ನೇ ಸಂಡಿಗೆ ತಿಂತಾ ಅದೆ’ ಅಂತ.

ಮುದ್ದಮ್ಮ: ‘ನನ್ ಎಡ್ತಿ ಒತ್ತಾರೆ ಎದ್ದು ಸೊಂಟ ಮುರ್ಕಂಡು ಇಕ್ಕಿದ್ ಸಂಡಿಗೆ’ ಅಂತ ಅರಿವಾಗ್ನಿಲ್ವಾ?

ದೊಡ್ಡಮಾದಯ್ಯ: ಅಲ್ಲಿಗ್ ಬರೋವತ್ಗೆ ನೀನೇ ಬಂದ್ಬುಟ್ಟೆ.

ತಿ. ನರಸೀಪುರದಿಂದ ತಲಕಾಡಿಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ಇವರ ಮನೆ. ಜಗುಲಿಯ ಎದುರಿಗೇ ಬಸ್ಸು ನಿಲ್ಲುತ್ತದೆ. ಅದೇ ದಾರಿಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವನು ದೊಡ್ಡಮಾದಯ್ಯ. ಕಡೆಯ ಟ್ರಿಪ್ಪಿನ ದಿನ ಹಿಂದಿನ ಸೀಟಿನಡಿ ಒಂದು ಕಂದು ನಾಯಿಮರಿ ಮುದುರಿಕೊಂಡು ಮಲಗಿತ್ತು. ಇಳಿದವರಲ್ಲಿ ಒಬ್ಬರೂ ಅದು ತಮ್ಮದೆನ್ನಲಿಲ್ಲ. ಕೊರಳಲ್ಲಿ ನಿವೃತ್ತಿಯ ಹಾರ, ಕಂಕುಳಲ್ಲಿ ಮರಿ, ಹಾಗೇ ಮನೆಗೆ ಬಂದ. ‘ಇದೇನಿದು’ ಅಂತ ಮುದ್ದಮ್ಮ ಕೇಳಿದ್ದಕ್ಕೆ ‘ಲಗೇಜು’ ಅಂದ. ಹೆಸರು ಅದೇ ಉಳಿಯಿತು.

ಮನೇಲಿ ಕೂತ ಮೇಲೆ ಅವನ ಬೀಪಿ ಏರಿತು. ನಂಜನಗೂಡಿನಲ್ಲಿ ಮೂರು ದಿನದ ಧ್ಯಾನ ಶಿಬಿರಕ್ಕೆ ಹೋದ. ಅಲ್ಲಿ ಧ್ಯಾನ ಕಲಿಸುವ ವಾಣಿ ಮೇಡಂ, ನಾಯಿಯ ವಿಷಯ ಕೇಳಿ, ಅದಕ್ಕಿಂತ ಒಳ್ಳೆ ಜೊತೆ ಬೇಕಿಲ್ಲ ಅಂದರು. ದಿನಾ ಅದರ ಪಕ್ಕ ಕೂರಿ, ಕೂತುಕೊಳ್ಳೋದು ಕಲಿಸಿ. ಕಲಿಸುವಾಗ ಸಿಟ್ಟಾಗಬೇಡಿ, ಆಗುತ್ತಿರುವುದನ್ನು ಸುಮ್ಮನೆ ಅರಿತುಕೊಳ್ಳಿ ಅಂದರು. ಮೂರು ವಾರ ಕಳೆಯಿತು. ಮಾದಯ್ಯನ ಬೀಪಿ ಇಳಿದು ಮುದ್ದಮ್ಮನದು ಏರಿತು. ಲಗೇಜು ಮಾತ್ರ ಕೂರಲಿಲ್ಲ.

ಸಂಡಿಗೆ ಹೋದ ಗಳಿಗೆಯಲ್ಲೇ ಅವಳು ತಲಕಾಡಿನ ತಮ್ಮ ನಟರಾಜನಿಗೆ ಫೋನು ಮಾಡಿದಳು. ತೆಂಗಿನ ತೋಟ ಕಾಯೋಕೆ ಅವನಿಗೂ ನಾಯಿ ಬೇಕಿತ್ತು. ಹನ್ನೊಂದರ ಬಸ್ಸಿಗೆ ಹಗ್ಗ ಹಿಡಿದು ಬಂದೇಬಿಟ್ಟ.

ನಟರಾಜ: ಬೇಜಾರ್ ಮಾಡ್ಕಬ್ಯಾಡಿ ಭಾವ. ಅದು ನಿಮ್ದೊಂದ್ ಮಾತ್ ಕೇಳ್ಬುಡ್ಲಿ, ಅಗ್ಗ ಇಲ್ಲೇ ಬಿಸಾಕ್ಬುಟ್ಟು ಓಯ್ತೀನಿ.

ದೊಡ್ಡಮಾದಯ್ಯ: ಒಂದೇ ಮಾತಾ?

ಮುದ್ದಮ್ಮ: ಒಂದೇ. ಕೂತ್ಕೋ ಅನ್ನಿ, ಕೂತ್ಕಳ್ಳಿ. ಇಲ್ದಿದ್ರೆ ಬಸ್ ಅತ್ಲಿ.

ದೊಡ್ಡಮಾದಯ್ಯ ಶಿಬಿರದಲ್ಲಿ ಕಲಿತ ಹಾಗೆ ನೆಲಕ್ಕೆ ಕೂತ, ಬೆನ್ನು ನೆಟ್ಟಗೆ ಮಾಡಿದ, ಲಗೇಜಿನ ಮುಖಕ್ಕೆ ಮುಖ ಕೊಟ್ಟ.

ದೊಡ್ಡಮಾದಯ್ಯ: ಲಗೇಜು... ಉಸುರು ಒಳಕ್ಕೆ... ಉಸುರು ಈಚ್ಗೆ... ಕೂತ್ಕಳಪ್ಪ, ನನ್ ಕಂದ.

ಲಗೇಜು ಬಾಲವಾಡಿಸಿ ಅವನ ಮೀಸೆ ನೆಕ್ಕಿತು. ನೆಕ್ಕಿದ್ದೇ ನೆಕ್ಕಿದ್ದು, ಎಡಮೀಸೆ ಮುಗಿಸಿ ಬಲಮೀಸೆಗೆ ಬಂತು.

ನಟರಾಜ: ಪ್ರೀತಿ ಏನೋ ಚೆನ್ನಾಗದೆ. ಮೀಸೇಲಿ ಬೆಳ್ಳಗೆ ಅದೇನ್ ಭಾವ?

ಮುದ್ದಮ್ಮ: ಏನ್ರೀ ಅದು? ಸಂಡಿಗೆ ಇಟ್ಟಾ?

ದೊಡ್ಡಮಾದಯ್ಯ: ಮೂರ್ನೇ ಸಂಡಿಗೆ ನಾನ್ ತಿಂದೆ ಕಣಮ್ಮಿ. ಆದ್ರೆ ಪೂರ್ತಿ ಅರಿವಿಂದ ತಿಂದಿವ್ನಿ. ಉಪ್ಪು ಒಂಚೂರು ಮುಂದು.

ಅಲ್ಲಿಗೆ ಪರೀಕ್ಷೆ ಮುಗಿಯಿತು. ನಟರಾಜ ಲಗೇಜಿನ ಕೊರಳಿಗೆ ಹಗ್ಗ ಕಟ್ಟಿ ರಸ್ತೆಗೆ ಇಳಿದ. ದೊಡ್ಡಮಾದಯ್ಯ ಜಗುಲಿಯ ಮೇಲೆ ಕಣ್ಣು ಮುಚ್ಚಿ ಕೂತ. ‘ನಾಯಿ ಓಯ್ತಾ ಅದೆ’ ಅಂದ. ಆಮೇಲೆ ಒಂದು ಕಣ್ಣು ಬಿಟ್ಟು ರಸ್ತೆ ಕಡೆ ನೋಡಿದ. ಮುದ್ದಮ್ಮ ಸಂಡಿಗೆ ಹಾಸಿದ್ದ ಪಂಚೆಯ ಸುಕ್ಕು ಬಿಡಿಸುತ್ತಾ ಆ ಕಡೆ ನೋಡಲೇ ಇಲ್ಲ. ಆ ಪಂಚೆಯಲ್ಲಿ ಸುಕ್ಕೇ ಇರಲಿಲ್ಲ.

ತಲಕಾಡಿನ ಬಸ್ಸು ಬಂತು. ಕಂಡಕ್ಟರ್ ಗುರು ಬಾಗಿಲಲ್ಲಿ ನಿಂತು, ಬಸ್ಸು ನಿಲ್ಲಿಸಲು ‘ಓಲ್ಡಾನ್’ ಅಂದ.

ಲಗೇಜು ಟಪ್ಪಂತ ಕೂತಿತು.

ನಟರಾಜ ಎಳೆದ. ಗೂಟ ಹೊಡೆದ ಹಾಗೆ ಕೂತಿತ್ತು. ಬೇಗ ಹತ್ತಿಸಿ ಅಂತ ಗುರು ಅವಸರ ಮಾಡಿದ್ದಕ್ಕೆ ಕೊನೆಗೆ ಎತ್ತಿಕೊಂಡೇ ಹತ್ತಿದ. ಗುರು ‘ರೈಟ್’ ಅಂದ. ಅಂದನೋ ಇಲ್ಲವೋ, ಲಗೇಜು ಹಗ್ಗದ ಸಮೇತ ಕೆಳಕ್ಕೆ ಹಾರಿ ಮನೆ ಕಡೆ ಓಟ. ಗಾಬರಿಯಾದ ಗುರು ‘ಓಲ್ಡಾನ್’ ಅಂದ. ಬಸ್ಸು ನಿಂತಿತು. ಅಂಗಳದ ನಡುವೆ ಲಗೇಜೂ ಕೂತಿತು. ನಟರಾಜ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ.

ನಟರಾಜ: ಭಾವ, ಇದ್ಯಾವಾಗ ಕಲುಸ್ದ್ರಿ?

ದೊಡ್ಡಮಾದಯ್ಯ: ಬುದ್ಧನಾಣೆ ನಾನ್ ಕಲುಸ್ನಿಲ್ಲ ಕಣ್ಲಾ.

ಮುದ್ದಮ್ಮ: ಕಲುಸ್ದೋರು ನೀವೇಯ. ಕಣ್ಮುಚ್ಕಂಡು ಕೂತ್ಕತೀರಿ. ಬಸ್ ಬಂದಾಗ್ಲೆಲ್ಲ ಬಾಯಿ ತಾನಾಗೇ ‘ಓಲ್ಡಾನ್’ ಅಂತದೆ, ಕೈ ಅದ್ರ ಬೆನ್ನ ಅದುಮ್ತದೆ. ‘ರೈಟ್’ ಅಂದ್ಕಂಡು ಬಿಸ್ಕತ್ತು ಎಸೀತೀರಿ. ದಿನಕ್ಕೆ ಹದಿನಾಲ್ಕ್ ಬಸ್ಸು.

ದೊಡ್ಡಮಾದಯ್ಯ: ನಂಗೆ ಅರಿವೇ ಇರ್ನಿಲ್ವಲ್ಲಮ್ಮಿ.

ಮುದ್ದಮ್ಮ: ನಂಗಿತ್ತು. ಬಸ್ಸಿಗೆ ಯೋಳ್ತಾವ್ರೆ, ಪಾಪ, ಹಳೇ ಚಾಳಿ ಅಂತ ಸುಮ್ಕಿದ್ದೆ. ನಾಯಿಗೂ ನಾಟ್ಕತದೆ ಅಂತ ಯಾರ್ಗ್ ಗೊತ್ತು?

ಬಸ್ಸಿನ ಕಿಟಕಿಗಳ ತುಂಬ ತಲೆಗಳು. ಒಬ್ಬಳು ಅಜ್ಜಿ, ಇನ್ನೊಂದ್ ಸಲ ಆಡಿಸಪ್ಪಾ ಅಂತ ಗುರುವಿಗೆ ಹೇಳಿದಳು. ಅವನಿಗೂ ಹುರುಪು ಬಂದಿತ್ತು. ಗಂಟಲು ಸರಿಮಾಡಿಕೊಂಡು ‘ರೈಟ್’ ಅಂದ.

ಲಗೇಜು ಬಾಣದ ಹಾಗೆ ಚಿಮ್ಮಿತು. ಚಿಮ್ಮಿದ್ದು ಸಂಡಿಗೆ ಪಂಚೆಯ ಕಡೆಗೆ. ಹಿಡಿಯೋಣವೆಂದು ದೊಡ್ಡಮಾದಯ್ಯನೂ ಜಗುಲಿಯಿಂದ ಧುಮುಕಿದ. ಸಂಡಿಗೆಗೂ ಮೂತಿಗೂ ಗೇಣು ಉಳಿದಿತ್ತು.

ಮುದ್ದಮ್ಮ: ಓಲ್ಡಾನ್!

ನಾಯಿ ಕೂತಿತು. ಅದರ ಪಕ್ಕದಲ್ಲೇ ದೊಡ್ಡಮಾದಯ್ಯನೂ ಕೂತ. ಆಚೆ, ಆಗತಾನೇ ಗೇರು ಹಾಕಿ ಹೊರಟಿದ್ದ ಡ್ರೈವರು ಬ್ರೇಕು ಒತ್ತಿ ಬಸ್ಸನ್ನೂ ನಿಲ್ಲಿಸಿದ.

ನಟರಾಜ ಕಿಟಕಿಯಿಂದ ಕೈಮುಗಿದು, ಮಾತಿಗೆ ತಪ್ಪಲ್ಲಕ್ಕೋ, ಹಗ್ಗ ಅಲ್ಲೇ ಇರಲಿ, ಬಟ್ಟೆ ಒಣಹಾಕೋಕೆ ಆಗುತ್ತೆ ಅಂದ.

ಗುರು: ಅಮ್ಮಾ, ಲೇಟಾಯ್ತಾ ಅದೆ. ನಮ್ಗೂ ಒಂದ್ ರೈಟ್ ಕೊಟ್ಬುಡಿ.

ಮುದ್ದಮ್ಮ: ಆ ಮಾತ್ನ ಇಲ್ಲಿ ಎತ್ಬ್ಯಾಡಿ ಸಾ, ಸಂಡಿಗೆ ಓಯ್ತವೆ. ಸುಮ್ಕೆ ಸಿಳ್ಳೆ ಒಡ್ಕಂಡು ಓಗಿ.

ಸಿಳ್ಳೆ ಕೇಳಿಸಿತು. ಬಸ್ಸು ಹೊರಟಿತು. ಲಗೇಜು ಅಲ್ಲಾಡಲಿಲ್ಲ. ದೊಡ್ಡಮಾದಯ್ಯ ಕೂತಲ್ಲೇ ಕಣ್ಣು ಮುಚ್ಚಿ, ಅದರ ಬೆನ್ನ ಮೇಲೆ ಕೈಯಿಟ್ಟ.

ದೊಡ್ಡಮಾದಯ್ಯ: ಬಸ್ಸು ಓಯ್ತಾ ಅದೆ. ನಾಯಿ ಇಲ್ಲೇ ಅದೆ.

ಮುದ್ದಮ್ಮ: ಸಂಡಿಗೇನೂ ಇಲ್ಲೇ ಅವೆ, ನಾನೂ ಇಲ್ಲೇ ಇವ್ನಿ. ಎದ್ದೋಗಿ ಮೊದ್ಲು ಆ ಮೀಸೆ ತೊಳ್ಕಬನ್ನಿ.

ದೊಡ್ಡಮಾದಯ್ಯ: ಎಂಗ್ ಏಳದಮ್ಮಿ? ನೀನಿನ್ನೂ ರೈಟ್ ಅಂದಿಲ್ವಲ್ಲ.